ಜಟಾಯು ಆಡಿದ ಮಾತು, ಕಲಾವಿದರು ಕಂಡ ಕಾಳಗ

(ದಾವಣಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಅಂದರೆ ಒಬ್ಬ ಕವಿಯ ಜೀವನ, ಕೃತಿಗಳ ಪರಿಚಯ, ಕೊನೆಗೆ ನಾಲ್ಕು ಒಳ್ಳೆಯ ಮಾತು ಎಂಬ ರೂಢಿ ನಮ್ಮಲ್ಲಿದೆ. ಇವತ್ತು ಕವಿಯನ್ನು ಸ್ವಲ್ಪ ಪಕ್ಕಕ್ಕೆ ಕೂರಿಸಿ, ಅವನ ಕಾವ್ಯವನ್ನು ಕಲ್ಲಿನಲ್ಲಿ, ತೊಗಲಿನಲ್ಲಿ, ಬಟ್ಟೆಯ ಮೇಲೆ, ಕಾಗದದ ಮೇಲೆ ಕಾಣಿಸಿದವರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಇದಕ್ಕೆ ದಾವಣಗೆರೆ ತಕ್ಕ ಊರು. 1964ರಲ್ಲಿ ಶುರುವಾದ ಚಿತ್ರಕಲಾ ಶಾಲೆ ಇವತ್ತು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿ ನಡೆಯುತ್ತಿದೆ. ಸಾಹಿತ್ಯದ ಸಭೆಗಳಿಗಂತೂ ಇಲ್ಲಿ ಬರವಿಲ್ಲ. ಆದರೆ ಸಾಹಿತಿಗಳ ಸಭೆಗೆ ಚಿತ್ರಕಾರರು ಬರುವುದಿಲ್ಲ, ಚಿತ್ರಕಾರರ ಪ್ರದರ್ಶನಕ್ಕೆ ಸಾಹಿತಿಗಳು ಹೋಗುವುದಿಲ್ಲ. ಹೋದರೂ ಚಹಾ ಕುಡಿದು, ಸಂದರ್ಶಕರ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಬರುತ್ತಾರೆ. ಚಿತ್ರ ಅಂದರೆ ಪುಸ್ತಕಕ್ಕೆ ಹೊದಿಸುವ ಮೇಲುಹೊದಿಕೆ ಎಂಬ ಭಾವನೆ ನಮ್ಮ ಸಾಹಿತಿಗಳಲ್ಲಿ ಬಲವಾಗಿದೆ. ಗಮಕ ವಾಚನದಲ್ಲಿ ಪದ್ಯ ಓದುವವರ ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂರುತ್ತಾರಲ್ಲ, ಕಾವ್ಯಕ್ಕೆ ಚಿತ್ರ ಬರೆದವನ ಜಾಗ ಅದು ಎಂದು ನಾನು ತಿಳಿದವನು. ವ್ಯಾಖ್ಯಾನಕಾರ ಯಾವ ಪದ್ಯದ ಮೇಲೆ ನಿಲ್ಲುತ್ತಾನೆ, ಯಾವುದನ್ನು ಹಾರಿಸುತ್ತಾನೆ ಎಂದು ನಾವು ಲೆಕ್ಕ ಇಡುತ್ತೇವೆ. ಚಿತ್ರಕಾರನನ್ನೂ ಹಾಗೆಯೇ ನೋಡೋಣ.

ಇಡೀ ರಾಮಾಯಣವನ್ನು ಹಿಡಿದುಕೊಂಡರೆ ರಾತ್ರಿಯಾಗುತ್ತದೆ. ಅದಕ್ಕೆ ಒಂದೇ ಪ್ರಸಂಗ ಸಾಕು. ಅರಣ್ಯಕಾಂಡದಲ್ಲಿ ಸೀತೆಯನ್ನು ಹೊತ್ತೊಯ್ಯುವ ರಾವಣನನ್ನು ಜಟಾಯು ಅಡ್ಡಗಟ್ಟುವ ಪ್ರಸಂಗ. ನಮ್ಮ ನಾಡಿನ ಕಲಾವಿದರು ಸಾವಿರದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಇದರ ಬೆನ್ನು ಬಿಟ್ಟಿಲ್ಲ.

ಮೊದಲು ವಾಲ್ಮೀಕಿಯಲ್ಲಿ ಏನಿದೆ ಎಂದು ನೆನಪು ಮಾಡಿಕೊಳ್ಳೋಣ, ಯಾಕೆಂದರೆ ನಮಗೆ ನೆನಪಿರುವುದು ಹೆಚ್ಚಾಗಿ ಕ್ಯಾಲೆಂಡರು. ಮರದ ಮೇಲೆ ನಿದ್ದೆಯಲ್ಲಿರುವ ಮುದಿ ಹದ್ದು ಸೀತೆಯ ಕೂಗಿಗೆ ಎಚ್ಚರಾಗುತ್ತದೆ. ಅದರ ವಯಸ್ಸು ಅರವತ್ತು ಸಾವಿರ ವರ್ಷ. ಎದ್ದ ಕೂಡಲೇ ಅದು ಮೇಲೆರಗುವುದಿಲ್ಲ, ಮಾತಾಡುತ್ತದೆ. ಅದೂ ಸಣ್ಣ ಮಾತಲ್ಲ, ಒಂದು ಪೂರ್ತಿ ಸರ್ಗ. ತನ್ನ ಹೆಸರು ಕುಲ ಹೇಳಿಕೊಂಡು, ಅರಸನಾದವನು ಪರರ ಹೆಂಡತಿಯನ್ನು ಕಾಪಾಡಬೇಕಾದವನು ಎಂದು ನ್ಯಾಯ ಹೇಳುತ್ತದೆ. ಹೊರಲಾರದ ಹೊರೆಯ, ಅರಗದ ಊಟದ ಹೋಲಿಕೆ ಕೊಟ್ಟು, ಊರ ಹಿರಿಯನೊಬ್ಬ ಪಂಚಾಯ್ತಿ ಕಟ್ಟೆಯಲ್ಲಿ ಹೇಳುವ ಧಾಟಿಯಲ್ಲೇ ಬುದ್ಧಿ ಹೇಳುತ್ತದೆ. ನಾನು ಮುದುಕ, ನೀನು ಹರೆಯದವನು, ನಿನ್ನ ಕೈಯಲ್ಲಿ ಬಿಲ್ಲಿದೆ, ರಥವಿದೆ, ಆದರೂ ಬಿಡಲಾರೆ ಎನ್ನುತ್ತದೆ. ಕಾಳಗ ಶುರುವಾಗುವುದು ಇಷ್ಟೆಲ್ಲ ಆದಮೇಲೆ. ಬಿಲ್ಲು ಮುರಿಯುತ್ತದೆ, ರಥ ಎಳೆಯುವ ಪಿಶಾಚಮುಖದ ಕತ್ತೆಗಳು ಸಾಯುತ್ತವೆ, ರಥ ಪುಡಿಯಾಗುತ್ತದೆ, ಸಾರಥಿ ಬೀಳುತ್ತಾನೆ. ಸೀತೆಯನ್ನು ತಬ್ಬಿಹಿಡಿದೇ ರಾವಣ ನೆಲಕ್ಕೆ ಬೀಳುತ್ತಾನೆ. ಹದ್ದು ಅವನ ಹತ್ತು ಎಡತೋಳುಗಳನ್ನು ಕಿತ್ತರೆ ಅವು ಮತ್ತೆ ಮೂಡುತ್ತವೆ. ಕಡೆಗೆ ರಾವಣ ಕತ್ತಿ ಹಿರಿದು ಹದ್ದಿನ ರೆಕ್ಕೆ, ಪಕ್ಕೆ, ಕಾಲು ಕಡಿಯುತ್ತಾನೆ. ಸೀತೆ ಓಡಿಬಂದು ಬಿದ್ದ ಹಕ್ಕಿಯನ್ನು ತಬ್ಬಿಕೊಂಡು ಅಳುತ್ತಾಳೆ.

ಇಷ್ಟು ಗಳಿಗೆಗಳಿವೆ. ಶಿಲ್ಪಿಯಾಗಲಿ ಚಿತ್ರಕಾರನಾಗಲಿ ಇವುಗಳಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಬಿಡಬೇಕು. ಕವಿಗೆ ಆ ಕಷ್ಟವಿಲ್ಲ, ಒಂದಾದಮೇಲೊಂದು ಹೇಳಿಕೊಂಡು ಹೋಗುತ್ತಾನೆ. ಕವಿ ಹೆಚ್ಚು ಹೊತ್ತು ನಿಂತದ್ದು ಹದ್ದಿನ ಮಾತಿನ ಮೇಲೆ. ಕಲಾವಿದರು ಮಾತ್ರ ಒಬ್ಬರಾದಮೇಲೊಬ್ಬರು ಕತ್ತಿಯ ಮೇಲೇ ನಿಂತರು. ಇವತ್ತು ನನಗೆ ಹೇಳಲಿಕ್ಕಿರುವುದು ಈ ಅಂತರದ ಬಗ್ಗೆ, ಮತ್ತು ಅದನ್ನು ದಾಟಲಿಕ್ಕೆ ಯಾರು ಹೇಗೆ ಹೆಣಗಿದರು ಎಂಬ ಬಗ್ಗೆ.

ಕಲ್ಲಿನಿಂದ ಶುರುಮಾಡೋಣ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ 8ನೇ ಶತಮಾನದ್ದು. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿ ರಾವಣ ಜಟಾಯು ಇಬ್ಬರೂ ಕಾದುತ್ತಿದ್ದಾರೆ. ಹಕ್ಕಿ ಚಿಕ್ಕದಲ್ಲ, ರಾಕ್ಷಸನ ಜೊತೆ ಸೆಣಸುವಷ್ಟು ಮೈಯಿದೆ. ನನಗೆ ಇದು ಮುಖ್ಯ. ಯಾವ ಜಟಾಯು ಚಿತ್ರ ಕಂಡರೂ ನಾನು ಮೊದಲು ನೋಡುವುದು ಹಕ್ಕಿ ಎಷ್ಟು ದೊಡ್ಡದಿದೆ ಎಂದು. ಹಕ್ಕಿಯನ್ನು ದೊಡ್ಡದು ಮಾಡಿದವನು ಅದನ್ನು ರಾವಣನ ಸರೀಕನಾಗಿ ಎಣಿಸಿದ್ದಾನೆ, ನಾಲ್ಕು ಮಾತು ಹೇಳುವ ಅಧಿಕಾರ ಅದಕ್ಕಿದೆ ಎಂದು ಒಪ್ಪಿದ್ದಾನೆ. ಚಿಕ್ಕದು ಮಾಡಿದವನಿಗೆ ಅದು ಬರೀ ಬಲಿ. ಅದೇ ಊರಿನ ಪಾಪನಾಥ ದೇವಾಲಯದ ಹೊರಗೋಡೆಯ ರಾಮಾಯಣಕ್ಕೆ ಇನ್ನೊಂದು ವಿಶೇಷವಿದೆ. ಕೆತ್ತಿದ ಪಾತ್ರಗಳ ಪಕ್ಕದಲ್ಲಿ ಅವರವರ ಹೆಸರನ್ನು ಕೊರೆದಿದ್ದಾರೆ. ಕಲ್ಲಿನ ಕೆಲಸದವರು ತಮ್ಮ ಹೆಸರನ್ನೂ ಬಿಟ್ಟಿದ್ದಾರೆ, ಬಲದೇವ ಎಂಬವನ ಹೆಸರು ಅಲ್ಲಿದೆ. ಚಿತ್ರದ ಕೆಳಗೆ ಶೀರ್ಷಿಕೆ ಹಾಕುವ ಪದ್ಧತಿ ಅಚ್ಚಿನ ಕಾಲದ್ದು ಅಂದುಕೊಂಡವರು ಒಮ್ಮೆ ಆ ಗೋಡೆ ನೋಡಬೇಕು.

ಇಲ್ಲಿ ಒಂದು ತೊಡಕಿದೆ. ಪಟ್ಟದಕಲ್ಲಿನ ಶಿಲ್ಪಿ ಕೆತ್ತುವಾಗ ಕನ್ನಡದಲ್ಲಿ ಜೈನ ರಾಮಾಯಣ ಬರೆದ ನಾಗಚಂದ್ರ ಹುಟ್ಟಿರಲಿಲ್ಲ, ತೊರವೆ ರಾಮಾಯಣದ ಕವಿ ಕುಮಾರವಾಲ್ಮೀಕಿಯಂತೂ ಇನ್ನೂ ಏಳು ಶತಮಾನ ದೂರ. ಹಾಗಾದರೆ ಅವನು ಯಾವ ಕಾವ್ಯಕ್ಕೆ ಚಿತ್ರ ಮಾಡಿದ? ಅವನ ಎದುರಿಗೆ ತಾಳೆಗರಿ ಇತ್ತೆಂದು ನಾನು ನಂಬುವುದಿಲ್ಲ. ಅವನು ಕೇಳಿಸಿಕೊಂಡವನು. ದೇವಸ್ಥಾನದ ಅಂಗಳದಲ್ಲಿ ಪುರಾಣ ಹೇಳುವವರ ಬಾಯಿಂದ ಕೇಳಿದ್ದು ಅವನ ಉಳಿಗೆ ಇಳಿದಿದೆ. ಆದ್ದರಿಂದ ಕಲ್ಲಿನ ರಾಮಾಯಣವನ್ನು ಯಾವುದೋ ಒಂದು ಗ್ರಂಥದ ಪಕ್ಕದಲ್ಲಿಟ್ಟು ‘ಇದು ಸರಿ, ಇದು ತಪ್ಪು’ ಎಂದು ಗೆರೆ ಎಳೆಯುವ ಸಂಶೋಧನೆ ನನಗೆ ಅಷ್ಟು ರುಚಿಸುವುದಿಲ್ಲ.

ನಮಗೆ ಹತ್ತಿರದ್ದು ತರೀಕೆರೆ ಬಳಿಯ ಅಮೃತಾಪುರ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಕಾವ್ಯ ಕವಿ ಜನ್ನನದು. ಮುಂದೆ ದೊಡ್ಡ ಹೆಸರು ಮಾಡಿದ ರೂವಾರಿ ಮಲ್ಲಿತಮ್ಮ ಕೆಲಸ ಶುರುಮಾಡಿದ್ದೂ ಅಲ್ಲೇ. ತೆರೆದ ಮಂಟಪದ ಕೈಪಿಡಿಗೋಡೆಯ ಮೇಲೆ 140 ಫಲಕಗಳಿವೆ. ದಕ್ಷಿಣಕ್ಕೆ 70 ಫಲಕಗಳಲ್ಲಿ ರಾಮಾಯಣ, ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಭಾರತ. ವಿಚಿತ್ರವೆಂದರೆ ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿಗೇ ಸಾಗಿದರೆ ರಾಮಾಯಣ ಅದಕ್ಕೆ ಎದುರಾಗಿ ಸಾಗುತ್ತದೆ. ಸುತ್ತು ಹಾಕುವ ಭಕ್ತನಿಗೆ ಪಟ್ಟಾಭಿಷೇಕ ಮೊದಲು, ಕಾಡು ಆಮೇಲೆ. ಯಾಕೆ ಹೀಗೆ ಎಂದು ವಿದ್ವಾಂಸರು ಏನಾದರೂ ಹೇಳಲಿ, ನೋಡುವವನಿಗೆ ಇದರಿಂದ ಒಂದು ಲಾಭವಿದೆ. ಕಥೆಯ ಓಟಕ್ಕೆ ಕಾಲು ಕೊಟ್ಟು ಸಾಗಲಾಗುವುದಿಲ್ಲ, ಪ್ರತಿ ಫಲಕದ ಮುಂದೆ ನಿಂತು ‘ಇದು ಯಾವುದು’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಂಪಿಯ ಹಜಾರ ರಾಮ ಗುಡಿಯಲ್ಲಿ ಇದಕ್ಕೆ ತದ್ವಿರುದ್ಧ. 15ನೇ ಶತಮಾನದ ಆದಿಭಾಗದ ಆ ಗುಡಿಯ ಹೊರಗೋಡೆಯಲ್ಲಿ ಕಥೆ ಮೂರು ಸಾಲಾಗಿ ಹರಿದಿದೆ, ಪೂರ್ತಿ ಓದಬೇಕಾದರೆ ಮೂರು ಸುತ್ತು ಹಾಕಬೇಕು. ಅಲ್ಲಿ ಕಥೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಜಟಾಯು ಬಂದ, ಬಿದ್ದ, ಮುಂದಿನ ಸಾಲಿಗೆ ನಡೆ. ಹೀಗೆ ಓಡುವ ಕಥೆಯಲ್ಲಿ ಹದ್ದಿನ ಉಪದೇಶಕ್ಕೆ ಜಾಗವೆಲ್ಲಿ?

ಇನ್ನು ಹರಿಹರ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ ಕಟ್ಟಿಸಿದವನು ಪೋಲಾಳ್ವ ದಂಡನಾಥ. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಸೇರಿಸಿದ. ಈ ಪೋಲಾಳ್ವ ‘ಹರಿಚಾರಿತ್ರ’ ಬರೆದ ಕವಿಯೂ ಹೌದು. ಗುಡಿ ಕಟ್ಟಿಸಿದವನೇ ಕವಿಯಾದಮೇಲೆ ಗೋಡೆ ತುಂಬ ಪುರಾಣ ಕಥೆಗಳು ಇರಬೇಕಿತ್ತಲ್ಲವೇ? ನೀವೆಲ್ಲ ನೋಡಿದ್ದೀರಿ. ಹಳೇಬೀಡಿನಲ್ಲಿ ಗುಡಿಯ ಸುತ್ತ ಹರಿದಂಥ ಕಥಾಪಟ್ಟಿಕೆ ಇಲ್ಲಿಲ್ಲ. ತಿರುಗಣಿಯಲ್ಲಿ ಕಡೆದ, ಮುಟ್ಟಿದರೆ ಕೈ ಜಾರುವ ಕಂಬಗಳಿವೆ. ಒಳಗೆ ಒಂದು ಮೂರ್ತಿಯಿದೆ, ಬಲಕ್ಕೆ ಹರ, ಎಡಕ್ಕೆ ಹರಿ. ಹರಿಯಿಂದಲೂ ಹರನಿಂದಲೂ ಸಾವಿಲ್ಲ ಎಂಬ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಎಂಬ ಕಥೆ ಈ ಊರಿನ ಮಕ್ಕಳಿಗೂ ಗೊತ್ತು. ಆ ಮೂರ್ತಿಯನ್ನು ಮಾಡಿದವನು ವರದ ಗಳಿಗೆಯನ್ನಾಗಲಿ ವಧೆಯ ಗಳಿಗೆಯನ್ನಾಗಲಿ ಆರಿಸಲಿಲ್ಲ. ಯಾವ ಗಳಿಗೆಯನ್ನೂ ಆರಿಸದೆ, ಇಡೀ ಕಥೆಯ ತಿರುಳನ್ನು ಒಂದು ನಿಂತ ಮೈಯಲ್ಲಿ ಇಟ್ಟ. ಕಾವ್ಯಕ್ಕೆ ಚಿತ್ರ ಬರೆಯುವವನಿಗೆ ಹೀಗೂ ಒಂದು ದಾರಿ ಇದೆ. ಇದನ್ನು ಆಮೇಲೆ ಮತ್ತೆ ಹಿಡಿಯುತ್ತೇನೆ.

ಈಗ ಅರಮನೆಗೆ ಹೋಗೋಣ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ರಾಜಾ ರವಿವರ್ಮನ ‘ಜಟಾಯು ವಧೆ’ ಇದೆ. ಮೈಸೂರು ಅರಸರಿಗಾಗಿ ರವಿವರ್ಮ ಕೊನೆಗಾಲದಲ್ಲಿ ಬರೆದ ಪುರಾಣ ಚಿತ್ರಗಳ ಪೈಕಿ ಇದೂ ಒಂದು. 1906ರಲ್ಲಿ ಅವನು ತೀರಿಕೊಂಡ. ಚಿತ್ರದ ಮುಂದೆ ನಿಂತು ನೋಡಿ. ರಾವಣನಿಗೆ ತಲೆ ಒಂದೇ, ಕೈ ಎರಡೇ. ಒಂದು ತೋಳಿನಲ್ಲಿ ಸೀತೆ, ಇನ್ನೊಂದು ಕೈಯಲ್ಲಿ ಕತ್ತಿ. ಕಡಿದ ರೆಕ್ಕೆ ಕಳಚಿದೆ. ಸೀತೆ ಮುಖ ತಿರುಗಿಸಿ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಾಳೆ. ರಥ ಇಲ್ಲ, ಕತ್ತೆಗಳಿಲ್ಲ, ಸಾರಥಿಯಿಲ್ಲ. ಅವೆಲ್ಲ ಮುರಿದು ಬಿದ್ದಮೇಲಿನ ಗಳಿಗೆ ಇದು ಎಂದುಕೊಂಡರೆ ಕಾವ್ಯಕ್ಕೆ ವಿರೋಧವಿಲ್ಲ. ಆದರೆ ರವಿವರ್ಮ ಇದಕ್ಕಾಗಿ ಅವನ್ನು ಬಿಟ್ಟನೆಂದು ನನಗನ್ನಿಸುವುದಿಲ್ಲ. ಅವನಿಗೆ ಬೇಕಾದದ್ದು ಮೂರು ಪಾತ್ರ, ಒಂದು ಪರದೆ, ಒಂದು ಏಟು.

ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕತ್ತಿಯೂ ಅಲ್ಲ, ರಾವಣನ ಕೆರಳಿದ ಮುಖವೂ ಅಲ್ಲ. ಆ ಮುಚ್ಚಿದ ಕಣ್ಣು. ವಾಲ್ಮೀಕಿಯ ಸೀತೆ ಆಮೇಲೆ ಓಡಿಬಂದು ಹಕ್ಕಿಯನ್ನು ತಬ್ಬುತ್ತಾಳೆ, ರವಿವರ್ಮನ ಸೀತೆ ನೋಡಲಾರಳು. ಚಿತ್ರ ನೋಡುತ್ತಿರುವ ನಮಗಾದರೋ ಎಲ್ಲವೂ ಕಾಣುತ್ತದೆ, ಚಿತ್ರದೊಳಗಿನ ಒಬ್ಬಳೇ ಸಾಕ್ಷಿಗೆ ಏನೂ ಕಾಣುವುದಿಲ್ಲ. ಇದು ರಂಗದ ಮೇಲಿನ ಉಪಾಯ. ಕೊಲೆಯ ದೃಶ್ಯದಲ್ಲಿ ಪ್ರೇಕ್ಷಕನ ಎದೆ ನಡುಗಬೇಕಾದರೆ ಕೊಲ್ಲುವವನನ್ನು ತೋರಿಸುವುದರ ಜೊತೆಗೆ ನೋಡಲಾರದೆ ಮುಖ ಮುಚ್ಚಿಕೊಂಡವರನ್ನೂ ತೋರಿಸಬೇಕು ಎಂಬುದು ಕಂಪನಿ ನಾಟಕದ ಅನುಭವಿಗಳಿಗೆಲ್ಲ ಗೊತ್ತು. ರವಿವರ್ಮನ ಚಿತ್ರಗಳು ನಾಟಕೀಯ ಎಂದು ಕಲಾವಿಮರ್ಶಕ ಆನಂದ ಕುಮಾರಸ್ವಾಮಿಯಂಥ ದೊಡ್ಡವರು ಮೂಗು ಮುರಿದರು. ಚಿಂದೋಡಿ ವೀರಪ್ಪನವರ ನಾಟಕ ಕಂಪನಿ ಕಂಡ ಊರು ಇದು, ನಟಿ ಚಿಂದೋಡಿ ಲೀಲಾ ಅವರ ಊರು. ಇಲ್ಲಿ ನಿಂತು ‘ನಾಟಕೀಯ’ ಎಂಬುದನ್ನು ಬೈಗುಳವಾಗಿ ಬಳಸಲು ನನಗೆ ಮನಸ್ಸಿಲ್ಲ. ಒಂದು ಕಾಲಕ್ಕೆ ಪೌರಾಣಿಕ ನಾಟಕದ ಪರದೆಗಳೂ, 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ಪಟಗಳೂ ಒಂದರ ಬಣ್ಣ ಒಂದಕ್ಕೆ ಹತ್ತುವಷ್ಟು ಹತ್ತಿರ ಇದ್ದವು. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಮನೆಯ ಪಡಸಾಲೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗಿದ ಆ ಪಟಗಳು ರಾಮಾಯಣದ ಮುಖಗಳನ್ನು ಗಟ್ಟಿಮಾಡಿಬಿಟ್ಟವು. ಇವತ್ತು ಸೀತೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಸೀರೆ ಉಡುವ ರೀತಿ ವಾಲ್ಮೀಕಿಯದಲ್ಲ, ತೊರವೆಯದೂ ಅಲ್ಲ.

ನನ್ನ ತಕರಾರು ಬೇರೆ. ರವಿವರ್ಮನ ಜಟಾಯುವಿಗೆ ಮಾತು ಬರುವಂತೆ ಕಾಣುವುದಿಲ್ಲ. ಗರಿಗಳ ಒಂದೊಂದು ಎಳೆಯನ್ನೂ ಬಿಡಿಸಿದ ಆ ಕೈಚಳಕದಲ್ಲಿ ಹಕ್ಕಿ ನಿಜವಾದ ಹಕ್ಕಿಯಾಗಿಬಿಟ್ಟಿದೆ. ನಿಜವಾದ ಹಕ್ಕಿ ಮಾತಾಡುವುದಿಲ್ಲವಲ್ಲ! ತೈಲವರ್ಣದ ಗೆಲುವೇ ಇಲ್ಲಿ ಕಾವ್ಯದ ಸೋಲು.

ಇದಕ್ಕೆ ಎದುರಾಳಿಯಾಗಿ ನಿಂತವರು ನಮ್ಮವರೇ, ಕೆ. ವೆಂಕಟಪ್ಪ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಅರಮನೆಯ ನೆರವಿನಿಂದ ಕಲಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದವರು. 1913ರಲ್ಲಿ ಲಂಡನ್ನಿನಲ್ಲಿ ಹಿಂದೂ ಮತ್ತು ಬೌದ್ಧ ಪುರಾಣ ಕಥೆಗಳ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. ಸೋದರಿ ನಿವೇದಿತಾ ಬರೆಯಲು ಶುರುಮಾಡಿ 1911ರಲ್ಲಿ ತೀರಿಕೊಂಡಮೇಲೆ ಅದೇ ಕುಮಾರಸ್ವಾಮಿ ಮುಗಿಸಿದ ಪುಸ್ತಕ. ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಮಾಡಿಸಿದ 32 ಬಣ್ಣದ ಚಿತ್ರಗಳು ಅದರಲ್ಲಿವೆ. ನಂದಲಾಲ ಬಸು ಇದ್ದಾರೆ, ವೆಂಕಟಪ್ಪ ಇದ್ದಾರೆ. ರಾಮಾಯಣದ ಭಾಗದಲ್ಲಿ ವೆಂಕಟಪ್ಪನವರದೇ ಮೇಲುಗೈ. ಮಾರೀಚನ ಸಾವು, ರಾವಣ ಜಟಾಯು ಕಾಳಗ, ಹನುಮಂತ, ಸೇತುಬಂಧ ಇವೆಲ್ಲ ಅವರ ಕುಂಚದವು.

ಅವನೀಂದ್ರರ ಪಂಥದವರು ಬಣ್ಣ ಹಾಕುವ ಕ್ರಮವೇ ಬೇರೆ. ಕಾಗದದ ಮೇಲೆ ತೆಳು ನೀರುಬಣ್ಣ ಹಚ್ಚಿ, ಆರಿದ ಮೇಲೆ ಇಡೀ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮತ್ತೆ ಹಚ್ಚಿ, ಮತ್ತೆ ನೆನೆಸಿ ಕೆಲಸ ಸಾಗುತ್ತದೆ. ಬಣ್ಣ ಕಾಗದದ ಮೇಲೆ ಕೂರದೆ ಒಳಗಿಳಿಯುತ್ತದೆ, ಆಕೃತಿ ಮಂಜಿನಿಂದ ಎದ್ದು ಬಂದಂತಿರುತ್ತದೆ. ರವಿವರ್ಮನಿಗೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ, ಇವರಿಗೆ ಗೆರೆ ಎಲ್ಲಿಗೆ ಹೋಗುತ್ತದೆ ಎಂಬುದು. ಜಟಾಯು ಅದೇ, ರಾವಣ ಅದೇ, ನಡುವೆ ಹತ್ತು ವರ್ಷವೂ ಇಲ್ಲ. ಒಂದು ಗೋಡೆಗೆ ಮಾಡಿದ ಚಿತ್ರ, ದೂರ ನಿಂತು ನೋಡುವವರಿಗಾಗಿ. ಇನ್ನೊಂದು ಪುಸ್ತಕದ ಪುಟಕ್ಕೆ ಮಾಡಿದ್ದು, ಕೈಯಲ್ಲಿ ಹಿಡಿದು ಓದುವ ಒಬ್ಬನಿಗಾಗಿ. ಚಿತ್ರಗಳನ್ನು ಹೋಲಿಸುವವರು ಶೈಲಿಯ ಬಗ್ಗೆ ತಾಸುಗಟ್ಟಲೆ ಮಾತಾಡುತ್ತಾರೆ, ಅಳತೆಯನ್ನು ಮರೆಯುತ್ತಾರೆ. ಪುಸ್ತಕದ ಓದುಗ ಪಕ್ಕದ ಪುಟದಲ್ಲಿ ಜಟಾಯುವಿನ ಮಾತನ್ನು ಓದಿ ಆಮೇಲೆ ಚಿತ್ರಕ್ಕೆ ಬರುತ್ತಾನೆ. ಹಾಗಾಗಿ ಆ ಚಿತ್ರಕ್ಕೆ ಎಲ್ಲವನ್ನೂ ತಾನೇ ಹೇಳುವ ಭಾರವಿಲ್ಲ. ವೆಂಕಟಪ್ಪನವರ ಚಿತ್ರಗಳಲ್ಲಿ ಏನೋ ಕಡಿಮೆಯಾಗಿದೆ ಎನ್ನುವವರು ಅವನ್ನು ಪುಸ್ತಕದಿಂದ ಹೊರತೆಗೆದು ನೋಡಿದವರು.

ಹೊರಗಿನ ಒಂದು ಉದಾಹರಣೆ ಹೇಳಿ ಮತ್ತೆ ಊರಿಗೆ ಬರುತ್ತೇನೆ. ಇಟಲಿಯ ಡಾಂಟೆಯ ಮಹಾಕಾವ್ಯಕ್ಕೆ 15ನೇ ಶತಮಾನದಲ್ಲಿ ಬೊಟಿಚೆಲ್ಲಿ, 1824ರಿಂದ ಸಾಯುವತನಕ ಇಂಗ್ಲೆಂಡಿನ ವಿಲಿಯಂ ಬ್ಲೇಕ್, 1861ರಲ್ಲಿ ಫ್ರಾನ್ಸಿನ ಗುಸ್ತಾವ್ ಡೊರೆ ಚಿತ್ರ ಬರೆದರು. ಡೊರೆಯ ನರಕ ಕಪ್ಪು ಬಿಳುಪಿನ ಭಾರೀ ರಂಗಸಜ್ಜು, ಇವತ್ತಿಗೂ ಜನಕ್ಕೆ ಗೊತ್ತಿರುವ ನರಕ ಅವನದೇ. ಬೊಟಿಚೆಲ್ಲಿ ಒಂದೇ ಹಾಳೆಯಲ್ಲಿ ಅದೇ ಪಾತ್ರವನ್ನು ಮೂರು ನಾಲ್ಕು ಕಡೆ ಬರೆದು ಕಥೆಯನ್ನು ನಡೆಸಿಕೊಂಡು ಹೋದ. ಬ್ಲೇಕ್ 102 ಚಿತ್ರ ಬರೆದು, ಮುಗಿಸದೆ ಸತ್ತ. ಅವನು ಕವಿಯ ಜೊತೆ ಜಗಳವಾಡಿಕೊಂಡೇ ಬರೆದವನು, ದೇವರು ಶಿಕ್ಷೆ ಕೊಡುವವನು ಎಂಬುದನ್ನೇ ಅವನು ಒಪ್ಪಿರಲಿಲ್ಲ. ನಮ್ಮಲ್ಲಿ ರಾಮಾಯಣದ ಕವಿಗಳು ವಾಲ್ಮೀಕಿಯೊಡನೆ ಬೇಕಾದಷ್ಟು ಜಗಳವಾಡಿದ್ದಾರೆ. ಚಿತ್ರಕಾರರು ಮಾತ್ರ ವಿನಯವಂತರು.

ಜಟಾಯುವಿನ ಮಾತಿಗೆ ಬಾಯಿ ಕೊಟ್ಟವರು ಯಾರು ಅಂದರೆ, ತೊಗಲು ಗೊಂಬೆಯವರು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರ ಆಟ ನೋಡಿದ ಹಿರಿಯರು ಈ ಸಭೆಯಲ್ಲಿದ್ದೀರಿ. ಮೇಕೆಯ ಚರ್ಮದ ಕೂದಲು ತೆಗೆದು, ಹದಮಾಡಿ, ಬೆಳಕು ತೂರುವಷ್ಟು ತೆಳುವಾಗುವ ತನಕ ಕೆರೆದು, ಉಗುರಿನಷ್ಟು ಸಣ್ಣ ಉಳಿಗಳಿಂದ ರಂಧ್ರ ಕೊರೆದು, ಕೆಂಪು ಹಸಿರು ಕಪ್ಪು ತುಂಬುತ್ತಾರೆ. ದೇವರ ಗೊಂಬೆಗಳಿಗೆ ಜಿಂಕೆಯ ಚರ್ಮ ಬಳಸುವ ವಾಡಿಕೆಯೂ ಇತ್ತು. ಹಿಂದಿನಿಂದ ದೀಪ ಹಿಡಿದಾಗ ಬಣ್ಣ ಹೊಳೆಯುತ್ತದೆ, ರಂಧ್ರಗಳೆಲ್ಲ ಒಡವೆಯಾಗುತ್ತವೆ. ಅಂದರೆ ಈ ಕಲಾವಿದ ಚಿನ್ನವನ್ನು ಬಣ್ಣದಿಂದ ಬರೆಯುವುದಿಲ್ಲ, ಚರ್ಮವನ್ನು ಕಳೆದು ಕಾಣಿಸುತ್ತಾನೆ. ರಾವಣನ ಹತ್ತು ತಲೆಯೂ ಒಂದೇ ತೊಗಲಿನಲ್ಲಿ ಸಾಲಾಗಿ ಬರುತ್ತವೆ. ರಥ, ಕುದುರೆ, ಕೂತವರು ಎಲ್ಲ ಸೇರಿ ಒಂದೇ ಗೊಂಬೆಯಾದ ದೃಶ್ಯಗಳೂ ಉಂಟು. ವಾಲ್ಮೀಕಿಯ ಕತ್ತೆಗಳನ್ನು ಬರೆದ ಕಲಾವಿದ ಮಾತ್ರ ನನಗೆ ಇಲ್ಲಿಯತನಕ ಸಿಕ್ಕಿಲ್ಲ. ಎಲ್ಲರಿಗೂ ಕುದುರೆಯೇ ಬೇಕು.

ಕಲಾವಿದ ಎಂ.ಎಸ್. ನಂಜುಂಡರಾಯರು ಊರೂರು ತಿರುಗಿ ಈ ಗೊಂಬೆಗಳನ್ನು ಕಲೆಹಾಕಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಟ್ಟಿದ್ದಾರೆ. ಅಲ್ಲಿ ಗಾಜಿನ ಹಿಂದೆ ಅವನ್ನು ನೋಡಿ ಮೆಚ್ಚುವುದು ಸುಲಭ. ಆದರೆ ಅದು ಅರ್ಧ ಗೊಂಬೆ. ಇನ್ನರ್ಧ ಪರದೆಯ ಹಿಂದಿನ ದನಿ. ಗೊಂಬೆ ಆಡಿಸುವವನು ಪದ ಹೇಳುತ್ತಾನೆ, ಮಾತು ಕಟ್ಟುತ್ತಾನೆ. ಜಟಾಯು ರಾವಣನಿಗೆ ಬುದ್ಧಿ ಹೇಳುವುದನ್ನು ಬೇಕಾದಷ್ಟು ಹೊತ್ತು ಬೆಳೆಸುತ್ತಾನೆ, ಅದರೊಳಗೆ ಆ ಊರಿನ ಗೌಡರಿಗೆ, ಸಾಹುಕಾರರಿಗೆ ತಾಗುವ ಮಾತೂ ಸೇರುತ್ತದೆ. ನಡುವೆ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಾರೆ. ಚಿತ್ರ ಇಲ್ಲಿ ಅಲುಗುತ್ತದೆ, ಮಾತಾಡುತ್ತದೆ, ಆದ್ದರಿಂದ ಒಂದು ಗಳಿಗೆಯನ್ನು ಆರಿಸಿಕೊಳ್ಳುವ ಸಂಕಟವೇ ಇಲ್ಲ. ಗೊಂಬೆಯಾಟವನ್ನು ಜಾನಪದ ವಿಭಾಗಕ್ಕೂ ರವಿವರ್ಮನನ್ನು ಕಲಾ ಇತಿಹಾಸಕ್ಕೂ ಹಂಚಿಬಿಟ್ಟಿರುವುದರಿಂದ ಈ ಹೋಲಿಕೆಯೇ ನಡೆಯುವುದಿಲ್ಲ. ಒಂದೇ ಕಾವ್ಯದ ಇಬ್ಬರು ವ್ಯಾಖ್ಯಾನಕಾರರು ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿದ್ದಾರೆ.

ಚಂದಮಾಮದ ಬಗ್ಗೆ ಹೇಳದೆ ಹೋದರೆ ನನ್ನ ಓರಗೆಯವರು ಬಿಡುವುದಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆಗೆ ನಮ್ಮ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳದ ಮನೆಗಳು ಕಡಿಮೆ. ಕಲಬುರಗಿಯ ಎಸ್.ಎಂ. ಪಂಡಿತರ ಕ್ಯಾಲೆಂಡರುಗಳೂ ಹಾಗೆಯೇ. ಇಬ್ಬರೂ ರವಿವರ್ಮನ ದಾರಿಯಲ್ಲೇ ನಡೆದು ಮೈಕಟ್ಟನ್ನು, ಬಣ್ಣದ ಮೆರುಗನ್ನು ಇನ್ನೂ ಏರಿಸಿದರು. ಆಮೇಲೆ ಬಂದ ಅಮರಚಿತ್ರಕಥೆಗಳಲ್ಲಿ ಪಾತ್ರದ ಬಾಯಿಂದ ಗುಳ್ಳೆ ಹೊರಟು ಅದರೊಳಗೆ ಮಾತು ಬಂತು. ಜಟಾಯುವಿಗೆ ಮಾತಾಡಲು ಅಚ್ಚಿನಲ್ಲಿ ಸಿಕ್ಕ ಜಾಗ ಅದು, ಎರಡು ಸಾಲಿನಷ್ಟು.

ಇಷ್ಟೆಲ್ಲ ಚಿತ್ರಗಳ ನಡುವೆ ಕನ್ನಡ ಕವಿಗಳು ಎಲ್ಲಿದ್ದಾರೆ? ನನ್ನ ನಿಜವಾದ ಅಸಮಾಧಾನ ಇದೇ. ಚಿತ್ರಕಾರರು ರಾಮಾಯಣಕ್ಕೆ ಚಿತ್ರ ಬರೆದಿದ್ದಾರೆ, ನಮ್ಮ ರಾಮಾಯಣಗಳಿಗೆ ಬರೆದಿಲ್ಲ. ನಾಗಚಂದ್ರನ ರಾವಣ ಬೇರೆಯೇ ಮನುಷ್ಯ. ಸೀತೆಯ ಅವಸ್ಥೆ ಕಂಡು ಮರುಗಿ, ಯುದ್ಧದಲ್ಲಿ ಗೆದ್ದು ಆಮೇಲೆ ಅವಳನ್ನು ಒಪ್ಪಿಸಿಬಿಡುತ್ತೇನೆ ಎಂದು ನಿಶ್ಚಯಿಸುವವನು. ಜೈನ ರಾಮಾಯಣಗಳ ಪರಂಪರೆಯಲ್ಲಿ ಅವನಿಗೆ ಹತ್ತು ತಲೆಯೂ ಇಲ್ಲ. ಕೊರಳಿನ ರತ್ನಹಾರದಲ್ಲಿ ಮುಖದ ಒಂಬತ್ತು ಪ್ರತಿಬಿಂಬ ಕಂಡದ್ದರಿಂದ ದಶಮುಖ ಎಂಬ ಹೆಸರು. ಚಿತ್ರ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಯಾರು ಕೊಡುತ್ತಾರೆ? ಒಂದು ಮುಖ, ಒಂಬತ್ತು ಮಣಿ, ಪ್ರತಿ ಮಣಿಯಲ್ಲಿ ಅದೇ ಮುಖ ಕಡಲೆಕಾಳಿನಷ್ಟು. ರವಿವರ್ಮನ ಒಂಟಿತಲೆಯ ರಾವಣನೂ ತೊಗಲುಗೊಂಬೆಯ ಹತ್ತುತಲೆಯ ರಾವಣನೂ ಇಲ್ಲಿ ರಾಜಿಯಾಗಬಹುದಿತ್ತು. ಯಾರೂ ಕೈಹಾಕಿದ್ದನ್ನು ನಾನು ಕಂಡಿಲ್ಲ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ 22,291 ಸಾಲುಗಳ ಕಾವ್ಯ. ಅದಕ್ಕೆ ಜ್ಞಾನಪೀಠ ಬಂದು ಅರ್ಧ ಶತಮಾನ ದಾಟಿದೆ. ಸಮಾರಂಭ, ವಿಚಾರಸಂಕಿರಣ, ವಾಚನ ಎಲ್ಲ ಆಗಿದೆ. ಆ ಕಾವ್ಯದಲ್ಲಿ ರಾವಣನ ಕನಸಿನ ಭಾಗವೊಂದಿದೆ. ಸೀತೆಯನ್ನು ಕದ್ದುತಂದವನು ಕನಸಿನಲ್ಲಿ ಅವಳ ಮಗುವಾಗುತ್ತಾನೆ, ಜೊತೆಗೆ ಕುಂಭಕರ್ಣನೂ. ಜಟಾಯು ಹೇಳಿ ಹೇಳಿ ಸೋತ ಮಾತು ಕಡೆಗೆ ರಾವಣನ ಒಳಗಿನಿಂದಲೇ ಎದ್ದು ಬರುವ ಜಾಗ ಅದು ಎಂದು ನಾನು ಓದಿಕೊಂಡಿದ್ದೇನೆ. ಅಲ್ಲಿ ಕತ್ತಿಯಿಲ್ಲ, ರಥವಿಲ್ಲ, ಆರಿಸಿಕೊಳ್ಳಲು ಒಂದು ಏಟಿನ ಗಳಿಗೆಯಿಲ್ಲ. ಆಗ ಹೇಳಿದ ಹರಿಹರದ ದಾರಿ ಇಲ್ಲಿ ಬೇಕಾಗುತ್ತದೆ. ಒಂದೇ ಮೈಯಲ್ಲಿ ಎರಡನ್ನು ನಿಲ್ಲಿಸಬೇಕು, ಅಪಹರಿಸಿದವನನ್ನೂ ಮಡಿಲ ಕೂಸನ್ನೂ. ಹರಿಹರ ಮೂರ್ತಿಯ ಶಿಲ್ಪಿಗೆ ನಡುವೆ ಒಂದು ನೇರ ಗೆರೆ ಎಳೆಯುವ ಅನುಕೂಲವಿತ್ತು, ಇಲ್ಲಿ ಅದೂ ಇಲ್ಲ.

ದೃಶ್ಯಕಲಾ ಕಾಲೇಜಿನವರು ಮನಸ್ಸು ಮಾಡಿದರೆ ಈ ಒಂದೇ ಕನಸನ್ನು ಕೊಟ್ಟು ಒಂದು ತರಗತಿಯವರಿಂದ ಚಿತ್ರ ಬರೆಸಬಹುದು. ಕನ್ನಡ ಎಂ.ಎ. ಓದುವವರು ಪಕ್ಕದಲ್ಲಿ ಕೂತು ಆ ಭಾಗವನ್ನು ಗಟ್ಟಿಯಾಗಿ ಓದಲಿ, ಅರ್ಥವಾಗದ ಕಡೆ ನಿಲ್ಲಿಸಿ ಜಗಳವಾಡಲಿ. ಪ್ರದರ್ಶನಕ್ಕೆ ಬಂದವರಿಗೆ ಚಹಾದ ಜೊತೆ ಸಂದರ್ಶಕರ ಪುಸ್ತಕ ಕೊಡುವುದು ಬೇಡ. ಬರೆಯುವವರು ಮೊದಲು ಎದುರಿಸಬೇಕಾದ ಪ್ರಶ್ನೆಯನ್ನು ನಾನೇ ಕೊಟ್ಟು ಮುಗಿಸುತ್ತೇನೆ: ಸೀತೆಯ ಮಡಿಲಲ್ಲಿರುವ ಆ ಕೂಸಿಗೆ ಎಷ್ಟು ತಲೆ ಬರೆಯುತ್ತೀರಿ?